ಬೀಗ ಹಾಕಿದ ಕಾಲಂನಲ್ಲಿ ಹುಡುಕುವುದು ಹೇಗೆ? ಎರಡು ಬಗೆಯ ಎನ್‌ಕ್ರಿಪ್ಷನ್‌ಗೆ ಕನ್ನಡ ಪದ ಬೇಕು

ಎಲ್ಲರಿಗೂ ನಮಸ್ಕಾರ.

ನಾನು ತುಮಕೂರಿನಲ್ಲಿ ಡಿಪ್ಲೊಮಾ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಗುಬ್ಬಿ, ಶಿರಾ, ಕೊರಟಗೆರೆಯಿಂದ ಆರು ಜನ ಹುಡುಗ ಹುಡುಗಿಯರು ಮನೆಗೆ ಬರುತ್ತಾರೆ. ಅಜೂರ್ ಕ್ಲೌಡ್‌ನ ಸೆಕ್ಯುರಿಟಿ ಸರ್ಟಿಫಿಕೇಟ್ ಪರೀಕ್ಷೆಗೆ ಒಟ್ಟಿಗೆ ಕೂತು ಓದುತ್ತೇವೆ. ಎಲ್ಲರೂ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದವರು. ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯಲಿ, ಆದರೆ ವಿಷಯ ತಲೆಗೆ ಹೋಗಬೇಕಾದರೆ ಕನ್ನಡದಲ್ಲೇ ಹೇಳಬೇಕು. ಅದಕ್ಕೇ ನೋಟ್ಸನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬರೆಯುತ್ತಾ ಬರೆಯುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಎನ್‌ಕ್ರಿಪ್ಟ್ ಮಾಡುವುದಕ್ಕೆ, ಅಂದರೆ ಕೀ ಇಲ್ಲದವರು ಓದಲಾಗದ ಹಾಗೆ ಡೇಟಾದ ರೂಪ ಬದಲಾಯಿಸುವುದಕ್ಕೆ, ನಾನು ಮೊದಲು ಬರೆದದ್ದು 'ಬೀಗ ಹಾಕು' ಅಂತ. ಕೀ ಅನ್ನುವ ಮಾತು ಹೇಗೂ ಇದೆ, ಕೀ ಅಂದರೆ ಬೀಗದ ಕೈ, ಸರಿಹೋಯಿತು ಅಂದುಕೊಂಡೆ. ನಾಲ್ಕು ವಾರ ಏನೂ ತೊಂದರೆ ಆಗಲಿಲ್ಲ. ಐದನೇ ವಾರ ಶಿರಾದ ಹುಡುಗಿ ಕೈ ಎತ್ತಿದಳು. "ಮೇಡಂ, ಪೆಟ್ಟಿಗೆ ಬೀಗ ತೆಗೀದೇ ಒಳಗೆ ಏನೈತೆ ಅಂತ ಹುಡುಕೋದು ಹೆಂಗೆ?"

ಅವಳು ಕೇಳಿದ್ದು ನೂರಕ್ಕೆ ನೂರು ಸರಿ. ಅವತ್ತಿನ ಪಾಠ ಆಲ್ವೇಸ್ ಎನ್‌ಕ್ರಿಪ್ಟೆಡ್ ಬಗ್ಗೆ, ಅಂದರೆ ಡೇಟಾಬೇಸ್ ಟೇಬಲ್‌ನಲ್ಲಿ ಬೇಕಾದ ಕಾಲಂ ಅನ್ನು ಮಾತ್ರ ಎನ್‌ಕ್ರಿಪ್ಟ್ ಮಾಡಿಡುವ ಸೌಲಭ್ಯದ ಬಗ್ಗೆ. ಮೈಕ್ರೋಸಾಫ್ಟ್‌ನವರು ಇದನ್ನು ತಮ್ಮ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್ 2016ರಲ್ಲಿ ತಂದರು. ಇದರಲ್ಲಿ ಡೇಟಾಬೇಸ್ ಸರ್ವರ್‌ಗೆ ಕೀ ಸಿಗುವುದೇ ಇಲ್ಲ. ಒಬ್ಬರ ಆಧಾರ್ ನಂಬರ್ ಹುಡುಕಬೇಕು ಅನ್ನಿ. ನಮ್ಮ ಕಡೆಯ ಡ್ರೈವರ್ (ಡೇಟಾಬೇಸ್ ಜೊತೆ ಮಾತಾಡುವ ತಂತ್ರಾಂಶ) ಆ ನಂಬರನ್ನು ಇಲ್ಲೇ ಎನ್‌ಕ್ರಿಪ್ಟ್ ಮಾಡಿ ಕಳಿಸುತ್ತದೆ. ಸರ್ವರ್ ಆ ಗೋಜಲು ಅಕ್ಷರಗಳನ್ನು ಕಾಲಂನಲ್ಲಿರುವ ಗೋಜಲು ಅಕ್ಷರಗಳ ಜೊತೆ ಇಟ್ಟು ನೋಡುತ್ತದೆ. ಎರಡೂ ಒಂದೇ ಥರ ಇದ್ದರೆ ಆ ಸಾಲನ್ನು ವಾಪಸ್ ಕೊಡುತ್ತದೆ. ಒಳಗೇನಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಯಾವುದನ್ನೂ ತೆಗೆದಿಲ್ಲ, ಆಕಾರಕ್ಕೆ ಆಕಾರ ಹೋಲಿಸಿದೆ ಅಷ್ಟೆ. ಬೀಗ ಅನ್ನುವ ಪದ ಈ ಚಿತ್ರವನ್ನೇ ಕೆಡಿಸಿಬಿಟ್ಟಿತ್ತು. ಬೀಗ ಹಾಕಿದರೆ ಒಳಗಿನ ಸಾಮಾನು ಹೇಗಿತ್ತೋ ಹಾಗೇ ಇರುತ್ತದೆ. ಇಲ್ಲಿ ಸಾಮಾನಿನ ರೂಪವೇ ಬದಲಾಗಿದೆ. ಇಡೀ ಡೇಟಾಬೇಸ್ ಫೈಲನ್ನು ಡಿಸ್ಕಿನ ಮೇಲೆ ಕಾಪಾಡುವ ಟಿಡಿಇ ಪಾಠದಲ್ಲಿ ಬೀಗ ಪರವಾಗಿಲ್ಲ. ಅಲ್ಲಿ ಸರ್ವರೇ ಬೀಗ ತೆಗೆದು ಓದಿಕೊಳ್ಳುತ್ತದೆ. ಕಾಲಂ ವಿಷಯಕ್ಕೆ ಮಾತ್ರ ಅದು ಒಗ್ಗುವುದಿಲ್ಲ.

ಹಾಗಾಗಿ 'ಗೂಢಲಿಪಿ'ಗೆ ಬಂದಿದ್ದೇನೆ. ಲಿಪಿ ಅಂದ ಕೂಡಲೇ ಬರಹ ಬೇರೆ ಆಗಿದೆ ಅಂತ ಹೊಳೆಯುತ್ತದೆ. 'ಗೂಢಲಿಪೀಕರಣ' ಮಾತ್ರ ನನ್ನ ಮಕ್ಕಳ ನಾಲಿಗೆ ಮೇಲೆ ಹೊರಳಲಿಲ್ಲ. 'ಗೂಢಲಿಪಿಗೆ ತಿರುಗಿಸು' ಅಂತ ಬರೆದೆ. ಡಿಕ್ರಿಪ್ಟ್‌ಗೆ 'ಬಿಡಿಸು'. ಒಗಟು ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಇದನ್ನೂ ಬಿಡಿಸೋಣ. ಇದು ಕೂತಿದೆ.

ಕಾಲಂಗೆ 'ಅಂಕಣ' ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಂಕಣ ಅಂದರೆ ಪತ್ರಿಕೆಯ ಬರಹ, ಇಲ್ಲಾ ಹಳೇ ಮನೆಯಲ್ಲಿ ಎರಡು ಕಂಬದ ನಡುವಿನ ಜಾಗ. ಆದರೆ ಪಹಣಿ ಕೈಯಲ್ಲಿ ಹಿಡಿದ ಯಾವ ರೈತರನ್ನಾದರೂ ಕೇಳಿ, "ಒಂಬತ್ತನೇ ಕಾಲಂನಲ್ಲಿ ನಮ್ಮಪ್ಪನ ಹೆಸರೈತೆ" ಅಂತಾರೆ. ಅಷ್ಟು ಒಗ್ಗಿರುವ ಪದವನ್ನು ಸುಮ್ನೆ ಯಾಕೆ ಬಿಡಬೇಕು, ಅಲ್ವಾ? ಕ್ವೆರಿ, ಅಂದರೆ ಬೇಕಾದ ಮಾಹಿತಿ ಕೊಡು ಅಂತ ಡೇಟಾಬೇಸನ್ನು ಕೇಳುವುದು, ಸ್ವಲ್ಪ ತೊಡಕು. 'ಕಾಲಂ ಪ್ರಶ್ನಿಸು' ಅಂದರೆ ಕೋರ್ಟಿಗೆ ಹೋದ ಹಾಗೆ ಕೇಳಿಸುತ್ತದೆ. 'ಕೇಳಿಕೆ' ಅಂದರೆ ನಮ್ಮ ಕಡೆ ಹಿರಿಯರಿಗೆ ರಾತ್ರಿ ಆಡುವ ಬಯಲಾಟ ನೆನಪಾಗುತ್ತದೆ. ಸದ್ಯಕ್ಕೆ ಕ್ವೆರಿ ಅಂತಲೇ ಇಟ್ಟು, ಬೇಕಾದ ಸಾಲುಗಳನ್ನು ತೆಗೆದುಕೊಡುವ ಸೆಲೆಕ್ಟ್ ಆದೇಶಕ್ಕೆ 'ಆಯು' ಅಂತ ಬರೆಯುತ್ತಿದ್ದೇನೆ. ಮೊರದಲ್ಲಿ ಅಕ್ಕಿ ಆಯುವ ಹಾಗೆ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಕಾಲಂ ಗೂಢಲಿಪಿಯಲ್ಲಿ ಎರಡು ಬಗೆ ಇದೆ, ಡಿಟರ್ಮಿನಿಸ್ಟಿಕ್ ಮತ್ತು ರ್‍ಯಾಂಡಮೈಸ್ಡ್. ಪರೀಕ್ಷೆಗೆ ಓದುವವರು ಇವೆರಡನ್ನು ಬಿಡಿಬಿಡಿಯಾಗಿ ತಿಳಿದಿರಲೇಬೇಕು. ಮೊದಲನೆಯದರಲ್ಲಿ ಒಂದೇ ಮಾತು, ಒಂದೇ ಕೀ ಇದ್ದರೆ ಯಾವಾಗಲೂ ಒಂದೇ ಗೂಢಲಿಪಿ ಬರುತ್ತದೆ. ಎರಡನೆಯದರಲ್ಲಿ ಅದೇ ಮಾತನ್ನು ಅದೇ ಕೀ ಇಟ್ಟು ಹತ್ತು ಸಲ ತಿರುಗಿಸಿದರೆ ಹತ್ತು ಬೇರೆ ಗೂಢಲಿಪಿ.

ಇದು ನನಗೆ ಪುಸ್ತಕ ನೋಡಿ ಅರ್ಥವಾಗಿದ್ದಲ್ಲ, ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಅರ್ಥವಾಗಿದ್ದು. ಚಿಕ್ಕಪೇಟೆಯಲ್ಲಿ ಮಾವನ ಅಂಗಡಿ ಇತ್ತು. ಸೀರೆಗೆ ಅಂಟಿಸಿದ ರಟ್ಟಿನ ಚೀಟಿ ಮೇಲೆ ಮಾರುವ ಬೆಲೆ ಅಂಕಿಯಲ್ಲಿ, ಅದರ ಕೆಳಗೆ ಅಸಲು ಬೆಲೆ ಅಕ್ಷರದಲ್ಲಿ. ಚೌಕಾಸಿ ಮಾಡುವಾಗ ಎಷ್ಟರವರೆಗೆ ಇಳಿಯಬಹುದು ಅಂತ ಅಂಗಡಿಯವರಿಗೆ ಗೊತ್ತಾಗಬೇಕು, ಗಿರಾಕಿಗೆ ಗೊತ್ತಾಗಬಾರದು. ಹತ್ತು ಅಂಕಿಗೆ ಹತ್ತು ಅಕ್ಷರ. ನಾನು ಏಳನೇ ಕ್ಲಾಸಿನಲ್ಲಿದ್ದೆ. ರಜದಲ್ಲಿ ಸೀರೆ ಮಡಿಚುತ್ತಾ ಚೀಟಿಗಳನ್ನೇ ನೋಡುತ್ತಿದ್ದೆ. ಲಜಜ, ಮಜಜ, ದಹಜ, ಮಹಜ. ಕೊನೆಯಲ್ಲಿ ಯಾವಾಗಲೂ ಜ. ಅದರ ಹಿಂದೆ ಜ ಇಲ್ಲದಿದ್ದರೆ ಬಹುಪಾಲು ಹ. ಅಸಲು ಬೆಲೆ ನೂರರಲ್ಲೋ ಐವತ್ತರಲ್ಲೋ ಮುಗಿಯುವುದೇ ಜಾಸ್ತಿ ಅಲ್ವಾ? ಜ ಅಂದರೆ ಸೊನ್ನೆ, ಹ ಅಂದರೆ ಐದು! ಎರಡು ದಿನದಲ್ಲಿ ಹತ್ತೂ ಅಕ್ಷರ ಬಿಡಿಸಿ ಮಾವನ ಮುಂದೆ ಹೇಳಿದೆ.

ಮಾವ ಬೈಯಲಿಲ್ಲ. ಮಾರನೇ ವಾರದಿಂದ ಸೊನ್ನೆಗೆ ಮೂರು ಅಕ್ಷರ ಮಾಡಿದರು, ಜ, ಪ, ಟ. ಮುನ್ನೂರು ಒಂದು ಚೀಟಿಯಲ್ಲಿ ಲಜಪ, ಇನ್ನೊಂದರಲ್ಲಿ ಲಟಜ, ಮತ್ತೊಂದರಲ್ಲಿ ಲಪಟ. ನನಗೆ ಆಮೇಲೆ ಸುಲಭಕ್ಕೆ ಬಗ್ಗಲಿಲ್ಲ. ಆದರೆ ಅಂಗಡಿ ಹುಡುಗರಿಗೆ ಹೊಸ ಕಷ್ಟ ಶುರುವಾಯಿತು. ಮೊದಲೆಲ್ಲ "ಲಜಜ ಇರೋದೆಲ್ಲ ತೆಗಿ" ಅಂದರೆ ಅರ್ಥ ಗೊತ್ತಿಲ್ಲದ ಹುಡುಗನೂ ಅಕ್ಷರ ನೋಡಿ ಗುಡ್ಡೆ ಹಾಕುತ್ತಿದ್ದ. ಈಗ ಪ್ರತಿ ಚೀಟಿಯನ್ನೂ ಮಾವನೇ ಓದಬೇಕು.

ಎರಡು ಬಗೆಯ ಗೂಢಲಿಪಿಯಲ್ಲೂ ಇದೇ ಕಥೆ. ಡಿಟರ್ಮಿನಿಸ್ಟಿಕ್ ಕಾಲಂನಲ್ಲಿ 'ಇದಕ್ಕೆ ಸಮ ಇರುವುದು' ಅಂತ ಆಯಬಹುದು, ಇನ್ನೊಂದು ಟೇಬಲ್ ಜೊತೆ ಸೇರಿಸಬಹುದು, ಗುಂಪು ಮಾಡಬಹುದು. ಆದರೆ ಗುಟ್ಟು ಸೋರುತ್ತದೆ. ನಮ್ಮ ಜಿಲ್ಲೆಯಲ್ಲಿ ಇರುವುದು 10 ತಾಲ್ಲೂಕು. ತಾಲ್ಲೂಕಿನ ಕಾಲಂ ಅನ್ನು ಹೀಗೆ ತಿರುಗಿಸಿದರೆ ಹತ್ತೇ ಗೂಢಲಿಪಿ ಬರುತ್ತದೆ. ಎಲ್ಲಕ್ಕಿಂತ ಜಾಸ್ತಿ ಸಲ ಬಂದದ್ದು ತುಮಕೂರು ಅಂತ ಯಾರು ಬೇಕಾದರೂ ಊಹಿಸಬಹುದು. ರ್‍ಯಾಂಡಮೈಸ್ಡ್ ಕಾಲಂ ಸೋರುವುದಿಲ್ಲ, ಆದರೆ ಅದರಲ್ಲಿ ಹುಡುಕಲೂ ಆಗುವುದಿಲ್ಲ, ಗುಂಪೂ ಮಾಡಲಾಗುವುದಿಲ್ಲ.

ಇವಕ್ಕೆ ಪದ ಏನು? 'ನಿರ್ಧಾರಿತ' ಅಂದರೆ ಯಾರೋ ತೀರ್ಮಾನ ಮಾಡಿದ್ದು ಅನ್ನಿಸುತ್ತದೆ. 'ಯಾದೃಚ್ಛಿಕ' ಪಿಯುಸಿ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಇದೆ, ಆದರೆ ಅದನ್ನು ಓದಿ ಹೇಳುವುದೇ ಮಕ್ಕಳಿಗೆ ಒಂದು ಕೆಲಸ. ಗಣಿತದಲ್ಲಿ ಸ್ಥಿರಾಂಕ, ಚರಾಕ್ಷರ ಇದೆ, ಊರಲ್ಲಿ ಸ್ಥಿರಾಸ್ತಿ, ಚರಾಸ್ತಿ ಇದೆ. ಹಾಗಾಗಿ 'ಸ್ಥಿರ ಗೂಢಲಿಪಿ', 'ಚರ ಗೂಢಲಿಪಿ' ಅಂತ ಬರೆದು ತುಂಬಾ ಖುಷಿಪಟ್ಟೆ. ಕಿರುಪರೀಕ್ಷೆ ಕೊಟ್ಟೆ. ಯಾವುದು ಜಾಸ್ತಿ ಭದ್ರ ಅನ್ನುವ ಪ್ರಶ್ನೆಗೆ ಆರರಲ್ಲಿ ನಾಲ್ಕು ಜನ 'ಸ್ಥಿರ' ಅಂತ ಬರೆದರು. ತಪ್ಪು ಅವರದಲ್ಲ. ಕನ್ನಡದಲ್ಲಿ ಸ್ಥಿರ ಅಂದರೆ ಅಲುಗಾಡದ್ದು, ಗಟ್ಟಿ. ಇಲ್ಲಿ ಅದೇ ಸಡಿಲ. ಪದವೇ ಮಕ್ಕಳನ್ನು ದಾರಿ ತಪ್ಪಿಸಿತು. ಅವತ್ತು ಸಂಜೆ ನನಗೆ ಬಹಳ ಬೇಜಾರಾಯಿತು.

ಈಗ ಹೊಳೆದಿರುವುದು 'ಅಚ್ಚು'. ಸಂಕ್ರಾಂತಿಯ ಸಕ್ಕರೆ ಅಚ್ಚು ಇದೆಯಲ್ಲ, ಒಂದೇ ಅಚ್ಚಿಗೆ ಪಾಕ ಹೊಯ್ದರೆ ಎಲ್ಲಾ ಗಿಳಿಯೂ ಒಂದೇ ಥರ. ಗಿಳಿ ನೋಡಿದರೆ ಅಚ್ಚು ಯಾವುದು ಅಂತಲೂ ಗೊತ್ತಾಗುತ್ತದೆ. ಸೋರುವ ಗುಣ ಪದದಲ್ಲೇ ಬಂತು. 'ಒಂದಚ್ಚಿನ ಗೂಢಲಿಪಿ', 'ಬೇರಚ್ಚಿನ ಗೂಢಲಿಪಿ'. 'ಏಕಾಚ್ಚು' ಅಂತ ಮಾಡಿದರೆ ಅರಿಸಮಾಸ, ಅದು ಬೇಡ. 'ಬೇರಚ್ಚು' ಮಾತ್ರ ಇನ್ನೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಪ್ರತಿ ಸಲವೂ ಹೊಸದು ಅನ್ನುವುದು ಅದರಲ್ಲಿ ಅಷ್ಟಾಗಿ ಬರುವುದಿಲ್ಲ. 'ಹೊಸಚ್ಚು' ಅಂದರೆ ಹೇಗೆ? ಇಲ್ಲಾ ಬಟ್ಟೆ ಅಂಗಡಿ, ಮಂಡಿ, ಸಂತೆ ದಲ್ಲಾಳಿಗಳ ಮಾತಿನಲ್ಲಿ ಇಂಥ ಗುರುತು ಬದಲಾಯಿಸುವುದಕ್ಕೆ ಪದ ಇದೆಯಾ? ಮಾವನನ್ನು ಕೇಳೋಣ ಅಂದರೆ ಅವರು ಈಗಿಲ್ಲ.

ಮಾಸ್ಕಿಂಗ್‌ಗೆ 'ಮುಸುಕು' ಅಂತ ಇಟ್ಟಿದ್ದೇನೆ, ಅದರ ಬಗ್ಗೆ ಅನುಮಾನವಿಲ್ಲ. ಸಿದ್ಧಗಂಗೆ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರಲ್ಲ, ಬೆರಳು ಹೇಗಿತ್ತೋ ಹಾಗೇ ಇರುತ್ತದೆ, ನೋಡುವವರಿಗೆ ಕಾಣುವುದಿಲ್ಲ ಅಷ್ಟೆ. ಮಾಸ್ಕಿಂಗ್ ಅಂದರೂ ಅದೇ. ಡೇಟಾ ಒಳಗೆ ಹಾಗೇ ಇರುತ್ತದೆ.

ಇನ್ನೊಂದು ಪದ ಬಾಕಿ ಇದೆ. ಎಸ್‌ಕ್ಯೂಎಲ್ ಸರ್ವರ್ 2019ರಿಂದ ಎನ್‌ಕ್ಲೇವ್ ಅಂತ ಬಂದಿದೆ. ಸರ್ವರ್‌ನ ಮೆಮೊರಿಯಲ್ಲೇ ಒಂದು ಕಾವಲಿನ ಜಾಗ. ರ್‍ಯಾಂಡಮೈಸ್ಡ್ ಕಾಲಂ ಆದರೂ ಅದರೊಳಗೆ ಒಯ್ದು ಬಿಡಿಸಿ, ಹೋಲಿಸಿ, ಉತ್ತರ ಹೊರಗೆ ಕೊಡುತ್ತದೆ. ಡೇಟಾಬೇಸ್ ಅಡ್ಮಿನ್ ಕೂಡ ಅದರೊಳಗೆ ಇಣುಕುವಂತಿಲ್ಲ. ಕೊರಟಗೆರೆ ಹುಡುಗ 'ಗರ್ಭಗುಡಿ' ಅಂದ. ಚೆನ್ನಾಗಿದೆ, ಆದರೆ ನಾನು 'ಒಳಕೋಣೆ' ಕಡೆ ವಾಲುತ್ತಿದ್ದೇನೆ. ಹಳೇ ಮನೆಗಳಲ್ಲಿ ಒಡವೆ, ಪತ್ರ ಇಡುವ, ಮನೆಯ ಹಿರಿಯರು ಮಾತ್ರ ಹೋಗುವ ಆ ಸಣ್ಣ ಕೋಣೆಗೆ ಪಾವಗಡ, ಮಧುಗಿರಿ, ತಿಪಟೂರು ಕಡೆ ಏನಂತಾರೆ? ಗೊತ್ತಿರುವವರು ಭಾನುವಾರದೊಳಗೆ ತಿಳಿಸಿದರೆ ಅವತ್ತಿನ ಪಾಠಕ್ಕೇ ಬಳಸುತ್ತೇನೆ.