ಪದಚರ್ಚೆ: ರೋಬೋಟ್ ವ್ಯಾಕ್ಯೂಮ್‌ಗೆ ಏನನ್ನೋಣ? ನಾಳೆಗೇ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಹೋಂಸ್ಟೇಯಲ್ಲಿ ತಾನೇ ಓಡಾಡಿ ದೂಳು ಎಳೆದುಕೊಳ್ಳುವ ರೋಬೋಟ್ ವ್ಯಾಕ್ಯೂಮ್ ಇದೆ. ಅದನ್ನು ಬಳಸುವ ಸೂಚನೆಯ ಹಾಳೆಗೆ ಕನ್ನಡ ಪದ ಕೇಳಿದ್ದೆ. ನಿನ್ನೆಯಿಂದ ಬಂದ ಉತ್ತರಗಳಿಗೆ ಒಟ್ಟಿಗೇ ಬರೆಯುತ್ತಿದ್ದೇನೆ. ನಾಳೆ ಮಡಿಕೇರಿಗೆ ಹೋಗಿ ಹಾಳೆ ಲ್ಯಾಮಿನೇಷನ್ ಮಾಡಿಸಬೇಕು. ಶನಿವಾರ ಹೋಂಸ್ಟೇಗೆ ಜನ ಬರುತ್ತಾರೆ. ಹಾಳೆಯನ್ನು ದಿನಾ ನೋಡುವವರು ನಮ್ಮ ಮನೆಕೆಲಸ ನೋಡಿಕೊಳ್ಳುವ ಅಕ್ಕ. ಪದ ಅವರಿಗೆ ಹಿಡಿಸಬೇಕು.

'ನಿರ್ವಾತ ಯಂತ್ರಮಾನವ' ಬೇಡ. ಯಂತ್ರಮಾನವ ಅಂದರೆ ಕೈಕಾಲು ಕಣ್ಣಿಗೆ ಬರುತ್ತದೆ. ಇದು ನೆಲದ ಮೇಲೆ ಹರಿದಾಡುವ ದುಂಡು ತಟ್ಟೆ. 'ವ್ಯಾಕ್ಯೂಮ್' ಅಂದರೆ ಗಾಳಿಯಿಲ್ಲದ ಜಾಗ, ಅದರ ನೇರ ಅನುವಾದ 'ನಿರ್ವಾತ' ಇನ್ನೂ ತಪ್ಪು. ನಮ್ಮ ಮಿಷನ್ನಿನ ಎಳೆತ 5000 ಪ್ಯಾಸ್ಕಲ್ (ಒತ್ತಡದ ಅಳತೆ). ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1,01,000 ಪ್ಯಾಸ್ಕಲ್. ಅಂದರೆ ಒಳಗೆ ಇಳಿಯುವ ಒತ್ತಡ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಗಾಳಿಯೇ ಇಲ್ಲದ ಜಾಗ ಅದರೊಳಗೆ ಎಲ್ಲಿದೆ? ಇಂಗ್ಲಿಷಿನವರು ಮಾಡಿದ ತಪ್ಪನ್ನು ನಾವು ಸಂಸ್ಕೃತದಲ್ಲಿ ಮತ್ತೆ ಯಾಕೆ ಮಾಡಬೇಕು?

'ರೋಬೋಟ್' ಚೆಕ್ ಭಾಷೆಯಿಂದ ಬಂತು, ಅದರ ಮೂಲ ಬಿಟ್ಟಿ ಚಾಕರಿ, ಹಾಗಾಗಿ 'ಬಿಟ್ಟಿಯಾಳು' ಅನ್ನಿ ಎಂದವರಿಗೆ: ಮೂಲ ಸರಿ. 1920ರ ಒಂದು ಚೆಕ್ ನಾಟಕದಿಂದ ಆ ಪದ ಎಲ್ಲ ಕಡೆ ಹರಡಿತು. ಸಂಸ್ಕೃತದ 'ವಿಷ್ಟಿ'ಯಿಂದ ಬಂದ ನಮ್ಮ 'ಬಿಟ್ಟಿ'ಯ ಅರ್ಥಕ್ಕೂ ಅದು ಕೂಡುತ್ತದೆ. ಆದರೆ ಮನೆಗೆಲಸದವರ ಕೈಗೆ ಕೊಡುವ ಹಾಳೆಯಲ್ಲಿ ಬಿಟ್ಟಿ ಎಂದು ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನನಗೆ ಇಷ್ಟವಾದದ್ದು 'ಗುಡಿಸಣಿಗೆ'. ಬಾಚು, ಬಾಚಣಿಗೆ. ಬೀಸು, ಬೀಸಣಿಗೆ. ಉಪಕರಣಕ್ಕೆ ಹೆಸರು ಕೊಡುವ ಪ್ರತ್ಯಯ ನಮ್ಮಲ್ಲೇ ಇದೆ, ಅದನ್ನು ಮೂಲೆಗೆ ಹಾಕಿ ಕೂತಿದ್ದೇವೆ. ಲಟ್ಟಿಸು ಲಟ್ಟಣಿಗೆ ಆದಾಗ 'ಇಸು' ಬಿದ್ದುಹೋಗುತ್ತದೆ, ಆದ್ದರಿಂದ 'ಗುಡಣಿಗೆ' ಆಗಬೇಕು ಎಂದು ಒಬ್ಬರು ತಿದ್ದಿದ್ದಾರೆ. ಒಪ್ಪಲ್ಲ. 'ಇಸು' ತೆಗೆದರೆ ಉಳಿಯುವುದು ಬರೀ 'ಗುಡ್', ಅದರಲ್ಲಿ ಗುಡಿಸುವುದು ಯಾರಿಗೂ ಕಾಣುವುದಿಲ್ಲ. ಕೇಳಿದವರಿಗೆ ಗುಡಿಸುವುದು ನೆನಪಾಗಬೇಕು ಅಲ್ವಾ?

ಗುಡಿಸಣಿಗೆ ಎಂದು ಅಕ್ಕನಿಗೆ ಓದಿ ಹೇಳಿದೆ. "ಗುಡಿಸೋ ಮಿಷನ್ ತಾನೇ?" ಅಂದರು. ಸರಿ, ಹಾಳೆಗೆ 'ಗುಡಿಸೋ ಮಿಷನ್' ಎಂದೇ ಹೋಗಲಿ.

ಇಲ್ಲೇ ಕೆಲವರು ಸಿಟ್ಟಾಗುತ್ತಾರೆ ಎಂದು ಗೊತ್ತು. ಮಿಷನ್ ಯಾಕೆ, ಯಂತ್ರ ಇಲ್ಲವಾ ಅಂತ. ಯಂತ್ರವೂ ಸಂಸ್ಕೃತದ ಎರವಲೇ. ಕೊಡಗಿನ ಯಾವ ತೋಟಕ್ಕಾದರೂ ಬನ್ನಿ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್), ರೈಟರ್ (ತೋಟದ ಗುಮಾಸ್ತ), ಲೈನ್ ಮನೆ (ಕೆಲಸದವರ ಸಾಲುಮನೆ), ಎಲ್ಲ ಹೊರಗಿನವು. ಕಾಫಿಯೇ ಹೊರಗಿನ ಪದ. ಆದರೆ ಹಣ್ಣು ಕೊಯ್ಯುತ್ತೇವೆ, ಕಣದಲ್ಲಿ ಹರಡುತ್ತೇವೆ, ಒಣಗಿಸುತ್ತೇವೆ, ಮಳೆ ಮೋಡ ಕಂಡರೆ ಓಡಿ ಬಂದು ರಾಶಿ ಮಾಡಿ ಮುಚ್ಚುತ್ತೇವೆ. ಕೆಲಸದ ಪದ ಒಂದೂ ಬಿಟ್ಟುಕೊಟ್ಟಿಲ್ಲ. ನನ್ನ ವಾದ ಇಷ್ಟೇ: ವಸ್ತುವಿನ ಹೆಸರು ಹೊರಗಿನಿಂದ ಬಂದರೂ ಬರಲಿ, ಕ್ರಿಯಾಪದ ನಮ್ಮದಿರಲಿ. ನನಗೆ ಭಯ 'ಮಿಷನ್' ಬಗ್ಗೆ ಅಲ್ಲ. 'ರೂಮ್ ವ್ಯಾಕ್ಯೂಮ್ ಮಾಡಿ, ಮಾಪ್ ಮಾಡಿ, ಕ್ಲೀನ್ ಮಾಡಿ' ಎನ್ನುವುದರ ಬಗ್ಗೆ. ಗುಡಿಸು, ಒರೆಸು, ಸಾರಿಸು, ಬಳಿ, ಉಜ್ಜು, ತೊಳೆ. ಇಷ್ಟೂ ಒಂದೇ 'ಕ್ಲೀನ್ ಮಾಡು' ಒಳಗೆ ಕರಗಿಹೋಗುತ್ತಿವೆ.

ಇದಕ್ಕೇ ಇನ್ನೊಂದು ಮಾತು. ಮಿಷನ್ನಿಗೆ ಕಟ್ಟಿದ ಒದ್ದೆ ಬಟ್ಟೆ ಮಾಡುವ ಕೆಲಸಕ್ಕೆ 'ಸಾರಿಸು' ಎಂದರು ಒಬ್ಬರು. ಖಂಡಿತ ಅಲ್ಲ. ಅದು ಬಟ್ಟೆಯನ್ನು ಎಳೆದುಕೊಂಡು ಹೋಗುತ್ತದೆ, ಅಷ್ಟೇ. ಒರೆಸುತ್ತದೆ. ಸಗಣಿ ಸಾರಿಸಿದ ಅಂಗಳ ನೋಡಿದವರು ಈ ಎರಡನ್ನು ಕಲಸುವುದಿಲ್ಲ.

ಮೆಟ್ಟಿಲಿನಿಂದ ಬೀಳದ ಹಾಗೆ ನೋಡಿಕೊಳ್ಳುವ 'ಕ್ಲಿಫ್ ಸೆನ್ಸರ್'ಗೆ ಬಂದ 'ಪ್ರಪಾತ ಸಂವೇದಕ' ಕೂಡ ಬಿಟ್ಟೆ. ನಮ್ಮದು ಹಳೆ ಮನೆ. ಕೆಂಪು ನೆಲ, ಗೋಡೆಯ ಪಕ್ಕ ಒಂದು ಗೇಣು ಅಗಲ ಕಪ್ಪು ಪಟ್ಟಿ. ಮಿಷನ್ನಿನ ಹೊಟ್ಟೆಯ ಕೆಳಗಿಂದ ಅತಿಗೆಂಪು ಬೆಳಕು ನೆಲಕ್ಕೆ ಬಿದ್ದು ವಾಪಸ್ ಬರಬೇಕು. ಕಪ್ಪು ನೆಲ ಅದನ್ನು ನುಂಗುತ್ತದೆ. ಮೆಟ್ಟಿಲು ಬಂತು ಎಂದು ತಿಳಿದು ಹಿಂದೆ ಸರಿಯುತ್ತದೆ. ಮೊದಲ ವಾರ ಪಟ್ಟಿಯ ಉದ್ದಕ್ಕೂ ದೂಳು ಹಾಗೇ ಉಳಿದಿತ್ತು. ಅಕ್ಕ ನಿಂತು ನೋಡಿ, "ಅದಕ್ಕೆ ಅಲ್ಲಿ ಹಳ್ಳ ಕಾಣ್ತದೆ" ಅಂದರು. ನನ್ನ ಎರಡು ದಿನದ ಹುಡುಕಾಟ ಅಲ್ಲಿಗೆ ಮುಗಿಯಿತು.

ಹಾಳೆ ಈಗ ಹೀಗಿದೆ:

ಗುಡಿಸೋ ಮಿಷನ್ ಬಿಡುವ ಮೊದಲು ನೆಲದ ಮೇಲಿನ ವೈರು, ಚಾಪೆ ಎತ್ತಿಡಿ.
ಒದ್ದೆ ನೆಲದಲ್ಲಿ, ಬೂಟಿನ ಹಸಿ ಕೆಸರಿನ ಮೇಲೆ ಬಿಡಬೇಡಿ.
ಕಪ್ಪು ಪಟ್ಟಿ ಹಳ್ಳದ ಹಾಗೆ ಕಾಣುತ್ತದೆ. ಅಲ್ಲಿ ಪೊರಕೆಯಲ್ಲಿ ಗುಡಿಸಿ.
ಹೊಸ್ತಿಲು ಎತ್ತರ, ಅದು ದಾಟುವುದಿಲ್ಲ. ಕೈಯಲ್ಲಿ ಎತ್ತಿ ಆಚೆ ಇಡಿ.
ಕರೆಂಟ್ ಹೋದರೆ ಅದಕ್ಕೆ ವಾಪಸ್ ದಾರಿ ಸಿಗುವುದಿಲ್ಲ. ತಂದು ಡಾಕ್ ಮೇಲೆ ಕೂರಿಸಿ.

ಮಿಷನ್ ಚಾರ್ಜ್ ಆಗಲು ನಿಲ್ಲುವ ಆ 'ಡಾಕ್'ಗೆ ಪದ ಒಂದು ಉಳಿದಿದೆ. 'ಗೂಡು' ಚೆಂದ ಇತ್ತು. ಆದರೆ ನಮ್ಮ ಮನೆಯಲ್ಲಿ ಗೂಡು ಅಂದರೆ ದೀಪ ಇಡುವ ಗೋಡೆಗೂಡು, ಅಕ್ಕ ಅದರ ಕಡೆಗೇ ನೋಡಿದರು. 'ತಂಗುದಾಣ' ಬಸ್ಸಿಗೆ ಹೋಯಿತು. ಇವತ್ತು ರಾತ್ರಿಯೊಳಗೆ ಯಾರಿಗಾದರೂ ಹೊಳೆದರೆ ಬರೆಯಿರಿ. ಇಲ್ಲದಿದ್ದರೆ 'ಚಾರ್ಜಿಗೆ ನಿಲ್ಲುವ ಜಾಗ' ಎಂದು ಹಾಕಿಸುತ್ತೇನೆ.