ಮಳೆಗೆ ಬೇಲಿ ಕಂಬ ವಾಲುತ್ತದೆ, ಎಲ್ಲ ಕಂಬಕ್ಕೂ ಕಾಂಕ್ರೀಟು ಬೇಕಾ?

ಗದ್ದೆಬದಿ, ಕಾಪು:
7 ಅಡಿಯ ಸಿಮೆಂಟ್ ಕಂಬ 40 ಉಂಟು, 4 ಸಾಲು ಮುಳ್ಳುತಂತಿ. ಗುಂಡಿ ಒಂದೂವರೆ ಅಡಿ, ತೆಗೆದ ಮಣ್ಣನ್ನೇ ಮತ್ತೆ ತುಂಬಿಸಿದ್ದು. ಜುಲೈಯಲ್ಲಿ ಮೂಲೆ ಕಂಬಗಳು ಒಳಗೆ ವಾಲಿ ತಂತಿ ಜೋತಿದೆ. ಗುಡ್ಡೆ ಬದಿಯಲ್ಲಿ ಒಂದಡಿ ಅಗೆದರೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ).

ಹಾರೆಕೋಲು, ಉಡುಪಿ:
ಎಲ್ಲದಕ್ಕೂ ಬೇಡ ಮಾರಾಯ್ರೆ. ನಡುವಿನ ಕಂಬದ ಕೆಲಸ ತಂತಿ ಎತ್ತಿ ಹಿಡಿಯುವುದಷ್ಟೇ. ಎಳೆತವೆಲ್ಲ ಮೂಲೆಗೆ ಮತ್ತು ಗೇಟಿನ ಕಂಬಕ್ಕೆ. ನಡುವಿನದಕ್ಕೆ ಗುಂಡಿ 2 ಅಡಿ ಇರಲಿ. ಬರೀ ಮಣ್ಣು ಬೇಡ, ಮುರಕಲ್ಲಿನ ಚೂರು ಸೇರಿಸಿ ಅರ್ಧ ಅಡಿಗೊಮ್ಮೆ ಹಾರೆಯ ಬುಡದಿಂದ ಗುದ್ದಿ. ಒಂದೇ ಸಲ ತುಂಬಿಸಿ ಮೇಲಿನಿಂದ ತುಳಿದರೆ ಅಡಿಯ ಮಣ್ಣು ಸಡಿಲವಾಗಿಯೇ ಉಳಿಯುತ್ತದೆ, ಮಳೆಗೆ ಕೆಸರಾಗಿ ಕಂಬ ಬಿಡುತ್ತದೆ.

ಮೂಲೆಗೆ ಗುಂಡಿ ಎರಡೂವರೆ ಅಡಿ, ಅಗಲ ಒಂದಡಿ, ಬುಡ ಬಾಯಿಗಿಂತ ತುಸು ಅಗಲ. ಅಡಿಗೆ 3 ಇಂಚು ಜಲ್ಲಿ, ಮೇಲೆ 1:3:6 ಕಾಂಕ್ರೀಟು (ಸಿಮೆಂಟ್ 1, ಹೊಯಿಗೆ ಅಂದರೆ ಮರಳು 3, ಜಲ್ಲಿ 6). ಒಂದು ಚೀಲ ಸಿಮೆಂಟಿಗೆ ಸುಮಾರು 5 ಕಂಬ ಆಗುತ್ತದೆ. ಮೇಲ್ಮೈ ಹೊರಗೆ ಇಳಿಜಾರು ಇರಲಿ, ಬುಡದಲ್ಲಿ ನೀರು ನಿಲ್ಲಬಾರದು. 7 ದಿನ ನೀರು ಹಾಕಿ, ಅದಕ್ಕೆ ಮೊದಲು ತಂತಿ ಬಿಗಿಯಬೇಡಿ. ಹೊಯಿಗೆ ಹೊಳೆಯದ್ದೇ ಇರಲಿ. ಕಡಲಿನದ್ದು ಹಾಕಿದರೆ ಉಪ್ಪಿಗೆ ಕಂಬದ ಕಬ್ಬಿಣ ತುಕ್ಕು ಹಿಡಿದು ಒಡೆಯುತ್ತದೆ.

ಕಾಂಕ್ರೀಟಿಗಿಂತ ಮುಖ್ಯ ಓರೆ ಕಂಬ. ಮೂಲೆಗೆ ಎರಡು, ಒಂದೊಂದು ತಂತಿಯ ಸಾಲಿಗೆ ಒಂದೊಂದು. ತಲೆ ಮೂಲೆ ಕಂಬದ ಮುಕ್ಕಾಲು ಎತ್ತರಕ್ಕೆ ಆನಿಸಬೇಕು, ಬುಡ ನೆಲದಲ್ಲಿ ಒಂದು ಚಪ್ಪಟೆ ಕಲ್ಲಿಗೆ ಒತ್ತಿ ನಿಲ್ಲಬೇಕು. ತಂತಿ ಎಳೆಯುವ ಕಡೆಗೇ ಕೊಡಬೇಕು. ಹೊರಬದಿಗೆ ಆನಿಸಿದರೆ ನೋಡಲು ಮಾತ್ರ ಚಂದ.

ಕೆಂಪುಕಲ್ಲು, ಮಂಗಳೂರು:
ಮುರಕಲ್ಲಿನ ಕಡೆ ಒಂದೂವರೆ ಅಡಿ ಸಾಕು, ಆದರೆ ಕಲ್ಲಿನೊಳಗೆ ಕಂಬ ಕನಿಷ್ಠ ಅರ್ಧ ಅಡಿ ಇಳಿಯಬೇಕು. ಗುಂಡಿ ಕಂಬಕ್ಕಿಂತ 2 ಇಂಚು ಮಾತ್ರ ಅಗಲ. ದೊಡ್ಡದು ಮಾಡಿದರೆ ಲೋಟದ ಹಾಗೆ ನೀರು ತುಂಬುತ್ತದೆ. ಸುತ್ತ 1:4 ಗಾರೆ (ಸಿಮೆಂಟ್ 1, ಹೊಯಿಗೆ 4), ಜೊತೆಗೆ ಕಲ್ಲಿನ ಚೂರು ತುರುಕಿ. ಗೂಟಕ್ಕೆ ಹಗ್ಗ ಕಟ್ಟಿ ಸಾಲು ನೋಡಿ, ತೂಗುಗುಂಡನ್ನು ಕಂಬದ ಎರಡು ಮುಖಕ್ಕೂ ಹಿಡಿಯಿರಿ. ಒಂದೇ ಮುಖ ನೋಡಿದರೆ ಇನ್ನೊಂದು ಕಡೆಗೆ ಓರೆಯಾದದ್ದು ಗೊತ್ತಾಗುವುದಿಲ್ಲ.

ಗದ್ದೆಬದಿ, ಕಾಪು:
ವಾಲಿದ ಕಂಬವನ್ನು ಈಗಲೇ ನೆಟ್ಟಗೆ ಮಾಡಬಹುದಾ?

ಹಾರೆಕೋಲು, ಉಡುಪಿ:
ಈಗ ತಂತಿ ಸಡಿಲಿಸಿ ಕಟ್ಟಿಬಿಡಿ, ಬಿಗಿದಷ್ಟೂ ವಾಲುತ್ತದೆ. ಗುಂಡಿಯ ಕೆಲಸ ದೀಪಾವಳಿ ಕಳೆದು. ಆಗ ನೀರು ಇಳಿದಿರುತ್ತದೆ, ನೆಲ ಅಗೆಯಲಿಕ್ಕೂ ಮೆತ್ತಗಿರುತ್ತದೆ.