ಅಪ್‌ಡೇಟ್: ಅಮ್ಮನಿಗೆ ಪ್ರೋಬಯಾಟಿಕ್ ಕ್ಯಾಪ್ಸೂಲ್ ಬೇಕಾ?

ತೂಕ, ಕೊಲೆಸ್ಟ್ರಾಲ್ ಇಳಿಸಲು ಅಮ್ಮನಿಗೆ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಕ್ಯಾಪ್ಸೂಲ್ ಕೊಡಬೇಕಾ ಎಂದು ನಾಲ್ಕು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ಆಗ ಅಮ್ಮನ ತೂಕ 84 ಕೆಜಿ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 162. ಉಡುಪಿಯ ನಮ್ಮ ಡಾಕ್ಟರ್ ನೇರವಾಗಿ ಹೇಳಿದರು: ಕ್ಯಾಪ್ಸೂಲಿನಿಂದ ತೂಕ ಇಳಿದರೂ ತುಂಬಾ ಕಡಿಮೆ. ಕೊಲೆಸ್ಟ್ರಾಲ್ ಮಾತ್ರೆ ಬಿಡಬೇಡಿ, ಊಟ ಬದಲಿಸಿ.

ಕ್ಯಾಪ್ಸೂಲ್ ಬದಲು ಮನೆಯ ಮೊಸರೇ ಸಾಕಾಯಿತು. ಮಜ್ಜಿಗೆಹುಳಿ ಕುದಿಸಿದರೆ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ ಅಲ್ವಾ? ಅದಕ್ಕೇ ಈಗ ಒಂದೆಲಗದ ತಂಬುಳಿ, ನೀರು ಮಜ್ಜಿಗೆ. ಕುಚ್ಚಲಕ್ಕಿ ಅನ್ನ ಅರ್ಧ ಮಾಡಿ ಅಲಸಂಡೆ ಪಲ್ಯ, ಹೆಸರುಕಾಳು ಜಾಸ್ತಿ ಮಾಡಿದೆವು. ಬಂಗುಡೆ ಬಿಡಲಿಲ್ಲ, ಅದರಲ್ಲಿ ಒಮೆಗಾ-3 ಇದೆ. ಎಣ್ಣೆಯಲ್ಲಿ ಹುರಿಯುವುದು ಬಿಟ್ಟು ಪುಳಿಮುಂಚಿ (ಹುಳಿ-ಖಾರದ ಮಸಾಲೆಯಲ್ಲಿ ಬೇಯಿಸಿದ ಮೀನು) ಮಾಡುತ್ತೇವೆ. ಉಪ್ಪಿನಕಾಯಿ ಬಿಡಿಸುವುದಕ್ಕೇ ಅಮ್ಮನ ಜೊತೆ ಒಂದು ತಿಂಗಳು ಗುದ್ದಾಡಿದೆ. ಬಿಪಿ ಇದೆ, ಏನು ಮಾಡುವುದು?

ಈಗ 79 ಕೆಜಿ, ಎಲ್‌ಡಿಎಲ್ 118. ಮಾತ್ರೆಯ ಪಾಲೂ ಇದರಲ್ಲಿದೆ. ಮೊನ್ನೆ ಅಮ್ಮ ಮೆಟ್ಟಿಲು ಹತ್ತಿ ಬಂದರು, ಏದುಸಿರು ಇರಲಿಲ್ಲ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.